ಬೋಗುಣಿಯೊಳಗಿನ ಮುಖ

ಮಕ್ಕಳೇ, ಮನೆಯಲ್ಲಿ ಮಡಕೆಯೊಂದು ಒಡೆದರೆ ಅದರ ಚೂರುಗಳನ್ನು ತಿಪ್ಪೆಗೆ ಎಸೆಯುತ್ತೇವೆ. ಅದೇ ತಿಪ್ಪೆಯಲ್ಲಿ ಬಿದ್ದ ಮರದ ತುಂಡಿಗೆ ಗೆದ್ದಲು ಹತ್ತುತ್ತದೆ, ಬಟ್ಟೆ ಕೊಳೆಯುತ್ತದೆ, ಕಬ್ಬಿಣ ತುಕ್ಕು ಹಿಡಿದು ಉದುರುತ್ತದೆ. ಮಡಕೆಯ ಚೂರು ಮಾತ್ರ ಹಾಗೆಯೇ ಇರುತ್ತದೆ. ಸಾವಿರಾರು ವರ್ಷ ಕಳೆದರೂ ಇರುತ್ತದೆ. ಏಕೆ?

ಹಸಿ ಜೇಡಿಮಣ್ಣಿನಿಂದ ಬಟ್ಟಲು ಮಾಡಿ ಬಿಸಿಲಿನಲ್ಲಿ ಒಣಗಿಸಿ ನೀರಿಗೆ ಹಾಕಿದರೆ ಅದು ಮತ್ತೆ ಕೆಸರಾಗುತ್ತದೆ. ಬಿಸಿಲು ಹೊರಗಿನ ತೇವವನ್ನಷ್ಟೇ ಆರಿಸುತ್ತದೆ. ಆದರೆ ಬೆಂಕಿಯಲ್ಲಿ 600 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಕಾಯಿಸಿದಾಗ ಜೇಡಿಮಣ್ಣಿನ ಖನಿಜಗಳ ರಚನೆಯಲ್ಲಿಯೇ ಸೇರಿಕೊಂಡಿರುವ ನೀರು ಹೊರಟುಹೋಗುತ್ತದೆ. ಕಣಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಇದು ರಾಸಾಯನಿಕ ಬದಲಾವಣೆ. ಎಷ್ಟು ನೆನೆಸಿದರೂ ಮಡಕೆ ಮತ್ತೆ ಮಣ್ಣಾಗುವುದಿಲ್ಲ. ಆದ್ದರಿಂದಲೇ ಬರವಣಿಗೆ ಇಲ್ಲದ ಕಾಲದ ಜನರ ಬಗ್ಗೆ ತಿಳಿಯಲು ವಿಜ್ಞಾನಿಗಳಿಗೆ ಮಡಕೆಗಳೇ ದೊಡ್ಡ ಆಧಾರ.

ಅಂತಹ ಒಂದು ಮಣ್ಣಿನ ಬೋಗುಣಿಯ ಕಥೆಯನ್ನು ಈಗ ನೋಡೋಣ. ಅದರ ಒಳಗೆ ಮನುಷ್ಯರ ಮುಖವಿದೆ. ಆ ಮುಖದ ಅರ್ಥವೇನು ಎಂಬ ಪ್ರಶ್ನೆಗೆ ವಿದ್ವಾಂಸರು ಇಂದಿಗೂ ಉತ್ತರ ಹುಡುಕುತ್ತಿದ್ದಾರೆ.

ಬಾನ್‌ಪೋ ಎಂಬ ಹಳ್ಳಿ

ಚೀನಾ ದೇಶದ ಶಿಯಾನ್ ನಗರದ ಪೂರ್ವಕ್ಕೆ ಚಾನ್ ಎಂಬ ಹೊಳೆಯ ದಂಡೆಯಲ್ಲಿ ಬಾನ್‌ಪೋ ಎಂಬ ಸ್ಥಳವಿದೆ. 1953ರಲ್ಲಿ ಇಲ್ಲಿ ಹಳೆಯ ಊರಿನ ಕುರುಹುಗಳು ಬೆಳಕಿಗೆ ಬಂದವು. 1954ರಿಂದ 1957ರವರೆಗೆ ಶಿ ಶಿಂಗ್‌ಬಾಂಗ್ ಎಂಬ ಪುರಾತತ್ವಜ್ಞರ ನೇತೃತ್ವದಲ್ಲಿ ಉತ್ಖನನ ನಡೆಯಿತು. ಸುಮಾರು 10,000 ಚದರ ಮೀಟರ್ ನೆಲವನ್ನು ಪದರ ಪದರವಾಗಿ ಬಿಡಿಸಿದರು. 1958ರಲ್ಲಿ ಅದೇ ಜಾಗದಲ್ಲಿ ವಸ್ತುಸಂಗ್ರಹಾಲಯ ತೆರೆಯಿತು.

ಇದು ನವಶಿಲಾಯುಗದ ಊರು. ಅಂದರೆ ಜನರು ಕಲ್ಲನ್ನು ಉಜ್ಜಿ ನಯಗೊಳಿಸಿ ಆಯುಧ ಮಾಡುತ್ತಿದ್ದ, ಬೇಸಾಯ ಕಲಿತು ಒಂದೆಡೆ ನೆಲೆನಿಂತ, ಲೋಹವನ್ನು ಇನ್ನೂ ಬಳಸದಿದ್ದ ಕಾಲ. ಇದರ ವಯಸ್ಸು ಸುಮಾರು 6,300ರಿಂದ 6,800 ವರ್ಷ. ಊರಿನ ಸುತ್ತ 5–6 ಮೀಟರ್ ಆಳದ ಕಂದಕವಿತ್ತು. ಒಳಗೆ ದುಂಡನೆಯ ಮತ್ತು ಚೌಕಾಕಾರದ ಮನೆಗಳಿದ್ದವು. ಕೆಲವು ಮನೆಗಳ ಅರ್ಧ ಭಾಗ ನೆಲದೊಳಗೇ ಇತ್ತು. ನಡುವೆ ಒಲೆ ಇರುತ್ತಿತ್ತು. ಧಾನ್ಯ ತುಂಬಿಡಲು 200ಕ್ಕೂ ಹೆಚ್ಚು ಹಗೇವುಗಳಿದ್ದವು.

ಆ ಧಾನ್ಯ ಯಾವುದು ಗೊತ್ತೆ? ನವಣೆ! ನಮ್ಮ ಬಯಲುಸೀಮೆಯ ಹೊಲಗಳಲ್ಲಿ ಬೆಳೆಯುವ ಅದೇ ನವಣೆ. ಅವರು ಹಂದಿ, ನಾಯಿಗಳನ್ನು ಸಾಕಿದ್ದರು. ಹೊಳೆಯಲ್ಲಿ ಮೀನು ಹಿಡಿಯುತ್ತಿದ್ದರು. ಮೂಳೆಯಿಂದ ಮಾಡಿದ ಗಾಳದ ಕೊಕ್ಕೆಗಳು, ಬಲೆಗೆ ಕಟ್ಟುವ ಕಲ್ಲಿನ ಗುಂಡುಗಳು ಅಲ್ಲಿ ಸಿಕ್ಕಿವೆ. ಮೀನಿನ ಈ ಸಂಗತಿಯನ್ನು ನೆನಪಿಡಿ. ಮುಂದೆ ಬೇಕಾಗುತ್ತದೆ.

ವಯಸ್ಸು ಗೊತ್ತಾದದ್ದು ಹೇಗೆ?

ಜೀವಿಗಳು ಬದುಕಿರುವಾಗ ಗಾಳಿ, ಆಹಾರಗಳ ಮೂಲಕ ಇಂಗಾಲವನ್ನು ಪಡೆಯುತ್ತವೆ. ಅದರಲ್ಲಿ ಕಾರ್ಬನ್–14 ಎಂಬ ವಿಕಿರಣಶೀಲ ಇಂಗಾಲ ಅತ್ಯಲ್ಪ ಪ್ರಮಾಣದಲ್ಲಿ ಇರುತ್ತದೆ. ಜೀವಿ ಸತ್ತ ಮೇಲೆ ಹೊಸದಾಗಿ ಇಂಗಾಲ ಸೇರುವುದಿಲ್ಲ, ಇದ್ದದ್ದು ಕ್ಷಯಿಸುತ್ತಾ ಹೋಗುತ್ತದೆ. 5,730 ವರ್ಷಗಳಲ್ಲಿ ಅದು ಅರ್ಧವಾಗುತ್ತದೆ. ಹಳೆಯ ಒಲೆಯ ಇದ್ದಿಲಿನಲ್ಲಿ ಎಷ್ಟು ಉಳಿದಿದೆ ಎಂದು ಅಳೆದರೆ ಆ ಮರ ಯಾವಾಗ ಸತ್ತಿತು ಎಂದು ಲೆಕ್ಕ ಹಾಕಬಹುದು. ಬಾನ್‌ಪೋ ಕಾಲದ ಇದ್ದಿಲಿನಲ್ಲಿ ಅರ್ಧಕ್ಕಿಂತ ತುಸು ಕಡಿಮೆ ಉಳಿದಿರುತ್ತದೆ.

ಬೋಗುಣಿಯಲ್ಲಿ ಏನಿದೆ?

1955ರಲ್ಲಿ ಬಾನ್‌ಪೋದಲ್ಲಿ ಕೆಂಪು ಮಣ್ಣಿನ ಒಂದು ಬೋಗುಣಿ ಸಿಕ್ಕಿತು. ಈಗ ಅದು ಬೀಜಿಂಗ್‌ನಲ್ಲಿರುವ ಚೀನಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಎತ್ತರ 16.5 ಸೆಂ.ಮೀ. ಬಾಯಿಯ ಅಗಲ ಸುಮಾರು 40 ಸೆಂ.ಮೀ. ಹಿಟ್ಟು ಕಲಸುವ ಬೋಗುಣಿಯಷ್ಟು ದೊಡ್ಡದು ಎನ್ನಬಹುದು.

ಚಿತ್ರವಿರುವುದು ಒಳಗೋಡೆಯ ಮೇಲೆ. ಎರಡು ಮನುಷ್ಯ ಮುಖಗಳು ಎದುರುಬದುರಾಗಿವೆ. ಅವುಗಳ ನಡುವೆ ಎರಡು ಮೀನುಗಳು ಒಂದರ ಹಿಂದೆ ಒಂದು ಸುತ್ತು ಹಾಕುವಂತೆ ಈಜುತ್ತಿವೆ. ಮುಖ ಚಂದ್ರನಂತೆ ದುಂಡಗಿದೆ. ಕಣ್ಣುಗಳು ತೆಳುವಾದ ಗೆರೆಗಳಂತಿದ್ದು ಮುಚ್ಚಿದಂತೆ ಕಾಣುತ್ತವೆ. ಹಣೆಯ ಒಂದು ಭಾಗಕ್ಕೆ ಕಪ್ಪು ಬಳಿದಿದೆ. ತಲೆಯ ಮೇಲೆ ಚೂಪಾದ ಟೋಪಿಯಂತಹದ್ದು ಏನೋ ಇದೆ, ಅದರ ಅಂಚು ಮೀನಿನ ಮುಳ್ಳಿನಂತಿದೆ. ಬಾಯಿಯ ಎರಡು ಬದಿಗೂ ಒಂದೊಂದು ಮೀನು. ಕಿವಿಗಳಿರಬೇಕಾದ ಜಾಗದಲ್ಲಿಯೂ ಮೀನು! ಮುಖ ಮನುಷ್ಯನದೋ ಮೀನಿನದೋ ಎಂದು ಅನುಮಾನ ಬರುವಂತೆ ಎರಡನ್ನೂ ಬೆರೆಸಿ ಬರೆದಿದ್ದಾರೆ.

ಕೆಂಪು ಮಣ್ಣು, ಕಪ್ಪು ಬಣ್ಣ

ಬೋಗುಣಿ ಕೆಂಪಗೆ, ಚಿತ್ರ ಕಪ್ಪಗೆ ಇರಲು ಕಾರಣವಿದೆ. ಜೇಡಿಮಣ್ಣಿನಲ್ಲಿ ಕಬ್ಬಿಣದ ಅಂಶ ಇರುತ್ತದೆ. ಆವಿಗೆಯೊಳಗೆ ಗಾಳಿ ಚೆನ್ನಾಗಿ ಆಡಿದರೆ ಕಬ್ಬಿಣವು ಆಮ್ಲಜನಕದೊಡನೆ ಸೇರಿ ಕೆಂಪು ಆಕ್ಸೈಡ್ ಆಗುತ್ತದೆ. ತುಕ್ಕಿನ ಬಣ್ಣ ನೆನಪಿಸಿಕೊಳ್ಳಿ. ಗಾಳಿ ಸಾಲದೆ ಹೊಗೆ ತುಂಬಿದರೆ ಮಡಕೆ ಬೂದು ಇಲ್ಲವೆ ಕಪ್ಪು ಬಣ್ಣಕ್ಕೆ ತಿರುಗುತ್ತದೆ. ಬಾನ್‌ಪೋ ಕುಂಬಾರರು ಗಾಳಿಯಾಡುವ ಆವಿಗೆಯಲ್ಲಿ ಈ ಕೆಂಪು ಮಡಕೆಗಳನ್ನು ಸುಟ್ಟಿದ್ದರು. ಈ ಬಗೆಯ ಮಡಕೆಗಳಿಗೆ ಸುಮಾರು 900ರಿಂದ 1,000 ಡಿಗ್ರಿ ಕಾವು ತಗುಲಿದೆ.

ಹಾಗಾದರೆ ಅದೇ ಬೆಂಕಿಯಲ್ಲಿ ಕಪ್ಪು ಗೆರೆಗಳು ಕೆಂಪಾಗಲಿಲ್ಲವೇಕೆ? ಆ ಬಣ್ಣವನ್ನು ಮ್ಯಾಂಗನೀಸ್ ಬೆರೆತ ಕಬ್ಬಿಣದ ಖನಿಜವನ್ನು ಅರೆದು ತಯಾರಿಸುತ್ತಿದ್ದರು. ಮ್ಯಾಂಗನೀಸ್ ಆಕ್ಸೈಡ್ ಗಾಳಿಯಲ್ಲಿ ಸುಟ್ಟರೂ ಕಪ್ಪಾಗಿಯೇ ಉಳಿಯುತ್ತದೆ. ಅದರ ಹೆಸರು ಆ ಕುಂಬಾರರಿಗೆ ತಿಳಿದಿರಲಿಲ್ಲ. ಆದರೆ ಯಾವ ಕಲ್ಲು ಬೆಂಕಿಯಲ್ಲಿ ಬಣ್ಣ ಬಿಡುವುದಿಲ್ಲ ಎಂಬುದು ಅವರಿಗೆ ಖಚಿತವಾಗಿ ಗೊತ್ತಿತ್ತು. ಹಲವು ಕಲ್ಲುಗಳನ್ನು ಅರೆದು, ಬಳಿದು, ಸುಟ್ಟು ನೋಡದೆ ಇದು ತಿಳಿಯುವುದಿಲ್ಲ. ಅದೂ ಒಂದು ಪ್ರಯೋಗವೇ ಅಲ್ಲವೆ?

ಮಡಕೆಯನ್ನು ಅವರು ಕೈಯಿಂದಲೇ ಮಾಡುತ್ತಿದ್ದರು. ಮಣ್ಣನ್ನು ಹಗ್ಗದಂತೆ ಹೊಸೆದು, ಸುತ್ತಿನ ಮೇಲೆ ಸುತ್ತು ಇಟ್ಟು, ತಟ್ಟಿ ನಯಗೊಳಿಸುತ್ತಿದ್ದರು. ರಭಸದಿಂದ ತಿರುಗುವ ತಿಗರಿ ಆಗ ಬಳಕೆಯಲ್ಲಿರಲಿಲ್ಲ.

ಬೋಗುಣಿ ಇದ್ದ ಜಾಗ

ಇಷ್ಟನ್ನು ಬೋಗುಣಿಯೇ ಹೇಳುತ್ತದೆ. ಅದರ ಮುಖ್ಯವಾದ ಸಂಗತಿಯನ್ನು ಹೇಳುವುದು ಮಾತ್ರ ಅದು ಸಿಕ್ಕ ಜಾಗ.

ಬಾನ್‌ಪೋದಲ್ಲಿ ಸುಮಾರು 250 ಸಮಾಧಿಗಳು ಸಿಕ್ಕಿದವು. ದೊಡ್ಡವರನ್ನು ಹೆಚ್ಚಾಗಿ ಕಂದಕದ ಆಚೆ, ಊರಿನ ಉತ್ತರಕ್ಕೆ ಇದ್ದ ಸ್ಮಶಾನದಲ್ಲಿ ಹೂಳುತ್ತಿದ್ದರು. ಚಿಕ್ಕ ಮಕ್ಕಳಿಗೆ ಬೇರೆ ಪದ್ಧತಿ. ಮಗುವಿನ ದೇಹವನ್ನು ದೊಡ್ಡ ಗುಡಾಣದಲ್ಲಿಟ್ಟು, ಬಾಯಿಗೆ ಬೋಗುಣಿಯನ್ನೋ ಬಟ್ಟಲನ್ನೋ ಮುಚ್ಚಿ ಹೂಳುತ್ತಿದ್ದರು. ಇಂತಹ 73 ಗುಡಾಣಗಳು ಸಿಕ್ಕಿವೆ. ಅಂದರೆ ಹತ್ತು ಸಮಾಧಿಗಳಲ್ಲಿ ಸುಮಾರು ಮೂರು ಪುಟ್ಟ ಮಕ್ಕಳವು. ಲಸಿಕೆಯಾಗಲಿ ಔಷಧವಾಗಲಿ ಇಲ್ಲದ ಆ ಕಾಲದಲ್ಲಿ ಎಷ್ಟೋ ಮನೆಗಳು ಮಕ್ಕಳನ್ನು ಕಳೆದುಕೊಂಡಿದ್ದವು. ಈ ಗುಡಾಣಗಳಲ್ಲಿ ಹೆಚ್ಚಿನವು ಊರಿನ ಒಳಗೆ, ಮನೆಗಳ ಹತ್ತಿರವೇ ಇದ್ದವು.

ಮುಖದ ಚಿತ್ರವಿರುವ ಬೋಗುಣಿಗಳು ಇಂತಹ ಗುಡಾಣಗಳ ಮುಚ್ಚಳವಾಗಿ ಬಳಕೆಯಾಗಿದ್ದವು. ಎಲ್ಲ ಗುಡಾಣಗಳ ಮೇಲೂ ಮುಖಚಿತ್ರ ಇರಲಿಲ್ಲ, ಅಂತಹವು ಕೆಲವೇ. ಇನ್ನೊಂದು ವಿಶೇಷವೂ ಇದೆ. ಮುಚ್ಚಳವಾಗಿ ಬಳಸಿದ ಹಲವು ಪಾತ್ರೆಗಳ ತಳದಲ್ಲಿ ಒಂದು ಸಣ್ಣ ತೂತು ಕೊರೆದಿದ್ದಾರೆ.

ಈಗ ಒಂದು ಕ್ಷಣ ಯೋಚಿಸಿ. ಚಿತ್ರ ಬೋಗುಣಿಯ ಒಳಗಿದೆ. ಅದನ್ನು ಕವುಚಿ ಗುಡಾಣದ ಮೇಲೆ ಇಟ್ಟರೆ ಆ ಮುಖಗಳು ಯಾರ ಕಡೆ ನೋಡುತ್ತವೆ? ಮೇಲೆ ನಿಂತವರ ಕಡೆಗಲ್ಲ, ಒಳಗೆ ಮಲಗಿರುವ ಮಗುವಿನ ಕಡೆಗೆ. ಮಣ್ಣು ಮುಚ್ಚಿದ ಮೇಲೆ ಊರಿನ ಯಾರಿಗೂ ಆ ಚಿತ್ರ ಕಾಣುವುದಿಲ್ಲ.

ಕಂಡದ್ದು ಎಷ್ಟು, ಊಹೆ ಎಷ್ಟು?

ಮುಖದ ಅರ್ಥವೇನು ಎಂಬುದಕ್ಕೆ ವಿದ್ವಾಂಸರು ಹಲವು ಉತ್ತರ ಕೊಟ್ಟಿದ್ದಾರೆ. ಅವುಗಳಲ್ಲಿ ನಾಲ್ಕನ್ನು ಪರೀಕ್ಷಿಸೋಣ.

ಒಂದು: ಮೀನು ಆ ಜನರ ಕುಲಚಿಹ್ನೆ. ನಮ್ಮಲ್ಲಿಯೂ ಕೆಲವು ಸಮುದಾಯಗಳ ಬೆಡಗು, ಬಳಿಗಳಿಗೆ ಪ್ರಾಣಿ ಅಥವಾ ಗಿಡದ ಹೆಸರು ಇರುವುದುಂಟು. ಬಾನ್‌ಪೋದ ಬಹಳಷ್ಟು ಮಡಕೆಗಳ ಮೇಲೆ ಮೀನು ಮತ್ತೆ ಮತ್ತೆ ಬರುತ್ತದೆ. ಇದು ಈ ವಾದಕ್ಕೆ ಬಲ. ಆದರೆ ಪದೇ ಪದೇ ಬರೆದದ್ದೆಲ್ಲ ಕುಲಚಿಹ್ನೆಯೇ ಆಗಬೇಕಿಲ್ಲ.

ಎರಡು: ಹೆಚ್ಚು ಮೀನು ಸಿಗಲಿ ಎಂಬ ಹಾರೈಕೆ. ಗಾಳ, ಬಲೆಗುಂಡುಗಳು ಸಿಕ್ಕಿರುವುದರಿಂದ ಮೀನು ಅವರ ಆಹಾರವಾಗಿತ್ತು ಎಂಬುದು ನಿಜ. ಆದರೆ ಮೀನು ಬೇಟೆಯ ಹಾರೈಕೆ ಮಗುವಿನ ಸಮಾಧಿಯ ಮೇಲೆ ಏಕೆ ಬಂತು? ಇದಕ್ಕೆ ಈ ವಾದದಲ್ಲಿ ಉತ್ತರವಿಲ್ಲ.

ಮೂರು: ಮೀನು ಒಮ್ಮೆಗೆ ಸಾವಿರಾರು ಮೊಟ್ಟೆ ಇಡುತ್ತದೆ. ಆದ್ದರಿಂದ ಅದು ಸಂತಾನದ ಸಂಕೇತ, ಮನೆಯಲ್ಲಿ ಮತ್ತೆ ಮಗು ಹುಟ್ಟಲಿ ಎಂಬ ಆಸೆ. ಮಗುವಿನ ಸಮಾಧಿಗೆ ಇದು ಹೊಂದುತ್ತದೆ. ಆದರೆ ಅವರು ಮೀನನ್ನು ಹಾಗೆ ಭಾವಿಸಿದ್ದರು ಎಂದು ತೋರಿಸುವ ಬೇರೆ ಪುರಾವೆ ಬೇಕು.

ನಾಲ್ಕು: ಮುಖವು ಮಂತ್ರವಾದಿಯದು ಅಥವಾ ಪೂಜಾರಿಯದು. ಮುಚ್ಚಿದ ಕಣ್ಣು, ಬಣ್ಣ ಬಳಿದ ಹಣೆ, ಚೂಪು ಟೋಪಿ ಇವೆಲ್ಲ ಆಚರಣೆಯ ವೇಷದಂತೆ ತೋರುತ್ತವೆ. ಮೀನುಗಳ ನೆರವಿನಿಂದ ಆತ ಮಗುವಿನ ಆತ್ಮಕ್ಕೆ ದಾರಿ ತೋರಿಸುತ್ತಾನೆ ಎಂಬುದು ಈ ವಾದ. ಬಹಳ ವಿವರಗಳನ್ನು ಒಟ್ಟಿಗೆ ಹೊಂದಿಸುತ್ತದೆ. ಆದರೆ ಅಂತಹ ಟೋಪಿಯಾಗಲಿ ವೇಷವಾಗಲಿ ಸಿಕ್ಕಿರುವುದು ಚಿತ್ರದಲ್ಲಿ ಮಾತ್ರ.

ಇನ್ನು ಆ ತೂತು. ಆತ್ಮ ಹೊರಗೆ ಹೋಗಿಬರಲು ಬಿಟ್ಟ ದಾರಿ ಎಂದು ಅನೇಕ ಪುರಾತತ್ವಜ್ಞರು ಹೇಳುತ್ತಾರೆ. ಇಲ್ಲಿ ಮೂರು ಮೆಟ್ಟಿಲುಗಳನ್ನು ಬೇರೆ ಬೇರೆಯಾಗಿ ಗುರುತಿಸಬೇಕು. ತಳದಲ್ಲಿ ತೂತು ಇದೆ, ಇದು ಕಂಡ ಸಂಗತಿ. ಒಂದಲ್ಲ ಎರಡಲ್ಲ, ಹಲವು ಮುಚ್ಚಳಗಳಲ್ಲಿ ಅದೇ ಜಾಗದಲ್ಲಿ ಇರುವುದರಿಂದ ಬೇಕೆಂದೇ ಕೊರೆದದ್ದು, ಇದು ಬಲವಾದ ತೀರ್ಮಾನ. ಅದು ಆತ್ಮದ ದಾರಿ, ಇದು ಊಹೆ. ಊಹೆ ತಪ್ಪೆಂದು ಇದರ ಅರ್ಥವಲ್ಲ. ವಿಜ್ಞಾನದಲ್ಲಿ ಊಹೆಗೆ ಗೌರವದ ಸ್ಥಾನವಿದೆ. ಆದರೆ ಊಹೆಯನ್ನು ಊಹೆಯೆಂದೇ ಹೇಳಬೇಕು.

ಇಷ್ಟೆಲ್ಲ ಭಿನ್ನಾಭಿಪ್ರಾಯವಿದ್ದರೂ ಒಂದು ಮಾತು ಗಟ್ಟಿಯಾಗಿ ನಿಲ್ಲುತ್ತದೆ. ತೂತು ಬಿದ್ದ ಬೋಗುಣಿಯಲ್ಲಿ ನೀರು ನಿಲ್ಲುವುದಿಲ್ಲ. ಕಷ್ಟಪಟ್ಟು ಮಾಡಿ, ಬಣ್ಣ ಬರೆದು, ಸುಟ್ಟ ಪಾತ್ರೆಯನ್ನು ಮತ್ತೆ ಬಳಸಲು ಬಾರದಂತೆ ಮಾಡಿ ಮಗುವಿಗೆ ಕೊಟ್ಟರು. ಮಗುವನ್ನು ದೂರಕ್ಕೆ ಒಯ್ಯದೆ ಮನೆಯ ಬಳಿ ಇಟ್ಟುಕೊಂಡರು. ಅವರ ನಂಬಿಕೆ ಏನೇ ಇರಲಿ, ಆ ಮಗು ಅವರಿಗೆ ಬೇಕಾಗಿತ್ತು.

ಬಾನ್‌ಪೋದಲ್ಲಿ 3–4 ವರ್ಷದ ಒಂದು ಮಗುವನ್ನು ಗುಡಾಣದಲ್ಲಿ ಇಡದೆ, ಮರದ ಹಲಗೆಗಳ ನಡುವೆ ಮಲಗಿಸಿ, ಮಡಕೆಗಳು, ಮೂಳೆಯ ಮಣಿಗಳು, ಕಲ್ಲಿನ ಗುಂಡುಗಳು ಸೇರಿ 79 ವಸ್ತುಗಳೊಡನೆ ಹೂಳಿದ್ದರು. ನಿಯಮ ಇರುವಲ್ಲಿ ಅಪವಾದವೂ ಇರುತ್ತದೆ. ಒಳ್ಳೆಯ ವಿವರಣೆ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಬೇರೆಡೆಯ ಮುಖಗಳು

ಮಡಕೆಗೆ ಮುಖ ಕೊಟ್ಟವರು ಬಾನ್‌ಪೋ ಜನರು ಮಾತ್ರವಲ್ಲ. ಚೀನಾದ ಗಾನ್ಸು ಪ್ರಾಂತದ ದಾದಿವಾನ್ ಎಂಬಲ್ಲಿ 1973ರಲ್ಲಿ 31.8 ಸೆಂ.ಮೀ. ಎತ್ತರದ ಹೂಜಿಯೊಂದು ದೊರೆಯಿತು. ಅದರ ಕತ್ತಿನ ಮೇಲ್ಭಾಗವೇ ಮನುಷ್ಯನ ತಲೆ. ಹಣೆಯ ಮೇಲೆ ಸಮನಾಗಿ ಕತ್ತರಿಸಿದ ಕೂದಲು, ಆಭರಣ ಹಾಕಲು ಚುಚ್ಚಿದಂತಹ ಕಿವಿ. ಯುರೋಪಿನಲ್ಲಿ ಡ್ಯಾನ್ಯೂಬ್ ನದಿಯ ದಂಡೆಯ ವಿಂಚಾ ಎಂಬಲ್ಲಿ 1908ರಿಂದ ನಡೆದ ಉತ್ಖನನದಲ್ಲಿ ದೊಡ್ಡ ಕಣ್ಣುಗಳಿರುವ ಮಡಕೆ ಮುಚ್ಚಳಗಳು ಸಿಕ್ಕಿವೆ.

ಮಡಕೆಗೆ ಮುಖ ಸುಲಭವಾಗಿ ಹೊಂದುವುದಕ್ಕೆ ನಮ್ಮ ಮಾತಿನಲ್ಲೇ ಒಂದು ಸುಳಿವಿದೆ. ಮಡಕೆಗೆ ಬಾಯಿ, ಕಂಠ, ಹೊಟ್ಟೆ ಇದೆ ಎನ್ನುತ್ತೇವೆ. ದೇಹದಂತೆ ಅದೂ ಏನನ್ನೋ ಒಳಗೆ ತುಂಬಿಕೊಳ್ಳುತ್ತದೆ. ಆದರೆ ದಾದಿವಾನ್ ಹೂಜಿ, ವಿಂಚಾ ಮುಚ್ಚಳ, ಬಾನ್‌ಪೋ ಬೋಗುಣಿ ಈ ಮೂರಕ್ಕೂ ಒಂದೇ ಅರ್ಥ ಹಚ್ಚಬಾರದು. ಅವು ಬೇರೆ ಬೇರೆ ಜನರವು.

ನಮ್ಮ ನಾಡಿನಲ್ಲಿ

ಕರ್ನಾಟಕದಲ್ಲಿಯೂ ನವಶಿಲಾಯುಗದ ಊರುಗಳಿದ್ದವು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದರು. ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯಲ್ಲಿ 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಉತ್ಖನನ ಮಾಡಿದರು. ಈ ಊರುಗಳಲ್ಲಿಯೂ ಪುಟ್ಟ ಮಕ್ಕಳನ್ನು ಮಡಕೆಯಲ್ಲಿಟ್ಟು ವಾಸದ ನೆಲೆಯೊಳಗೇ ಹೂಳುತ್ತಿದ್ದರು! ಇಲ್ಲಿಯ ಮಡಕೆಗಳು ಹೆಚ್ಚಾಗಿ ಸಾದಾ ಬೂದುಬಣ್ಣದವು. ಬೂದುಬಣ್ಣ ಹೇಗೆ ಬರುತ್ತದೆ ಎಂದು ಮೇಲೆ ಓದಿದ್ದೀರಿ.

ಹಾಗೆಂದು ಬಾನ್‌ಪೋ ಜನರು ಇಲ್ಲಿಗೆ ಬಂದಿದ್ದರು ಎನ್ನಬಹುದೆ? ಇಲ್ಲ. ದಕ್ಷಿಣ ಭಾರತದ ನವಶಿಲಾಯುಗ ಶುರುವಾದದ್ದು ಸುಮಾರು ಕ್ರಿ.ಪೂ. 3000ರ ಹೊತ್ತಿಗೆ. ಬಾನ್‌ಪೋ ಅದಕ್ಕಿಂತ ಸಾವಿರ ವರ್ಷಕ್ಕೂ ಹಿಂದಿನದು, ನಡುವಿನ ದೂರವೂ ಸಾವಿರಾರು ಕಿಲೋಮೀಟರ್. ಮಗುವನ್ನು ಮಡಕೆಯಲ್ಲಿ ಇಡುವ ಪದ್ಧತಿ ಬೇರೆ ಬೇರೆ ಕಡೆ ತಾನಾಗಿಯೇ ಹುಟ್ಟಬಹುದು. ಹೋಲಿಕೆ ಕಂಡ ಮಾತ್ರಕ್ಕೆ ನಂಟು ಇತ್ತು ಎಂದು ತೀರ್ಮಾನಿಸಬಾರದು.

ಜಾಗ ತಪ್ಪಿದ ಮಡಕೆ

ಒಂದೇ ತರಹದ ಮಣ್ಣಿನ ಮಡಕೆ ಅಡುಗೆಮನೆಯಲ್ಲಿ ಮಜ್ಜಿಗೆ ಹಿಡಿಯುತ್ತದೆ. ಮದುವೆಮನೆಯಲ್ಲಿ ಸುಣ್ಣ, ಬಣ್ಣ ಬಳಿಸಿಕೊಂಡು ಐರಣೆ ಮಡಕೆಯಾಗುತ್ತದೆ. ಅಂತ್ಯಕ್ರಿಯೆಯಲ್ಲಿ ತೂತು ಮಾಡಿ ಒಡೆಯುವ ಮಡಕೆಯೂ ಅದೇ. ಆ ಮಡಕೆಯ ಚೂರನ್ನು ಮಾತ್ರ ಕೈಗೆ ಕೊಟ್ಟು ಇದು ಯಾವ ಮಡಕೆ ಎಂದರೆ ಹೇಳಲಾಗದು. ಎಲ್ಲಿ, ಯಾವುದರ ಜೊತೆಯಲ್ಲಿ, ಹೇಗೆ ಇತ್ತು ಎಂದು ತಿಳಿದರೆ ಹೇಳಬಹುದು.

ಬಾನ್‌ಪೋ ಬೋಗುಣಿಯನ್ನು ಯಾರೋ ರಾತ್ರಿ ಅಗೆದು ತೆಗೆದು ಮಾರಿದ್ದರೆ ಇಂದು ಅದು ಮೀನಿನ ಚಿತ್ರದ ಚೆಂದದ ಪಾತ್ರೆ ಮಾತ್ರ ಆಗಿರುತ್ತಿತ್ತು. ಅದರ ಕೆಳಗೆ ಮಗು ಇತ್ತೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ನಮ್ಮ ರಾಜ್ಯದಲ್ಲಿಯೂ ನಿಧಿಯಾಸೆಯಿಂದ ಹಳೆಯ ಸಮಾಧಿಗಳನ್ನು, ಗುಡ್ಡಗಳನ್ನು ಅಗೆಯುವವರಿದ್ದಾರೆ. ಅಲ್ಲಿ ಚಿನ್ನ ಸಿಗುವುದಿಲ್ಲ, ಮಾಹಿತಿ ಮಾತ್ರ ಹಾಳಾಗುತ್ತದೆ. ನಿಮ್ಮ ಹೊಲದಲ್ಲಿ, ಕೆರೆಯಂಗಳದಲ್ಲಿ ಹಳೆಯ ಮಡಕೆ, ನಯವಾದ ಕಲ್ಲುಕೊಡಲಿ, ಮೂಳೆ ಕಂಡರೆ ಕೀಳಬೇಡಿ. ಜಾಗವನ್ನು ಗುರುತು ಮಾಡಿ, ಚಿತ್ರ ಬರೆದುಕೊಂಡು ಶಿಕ್ಷಕರಿಗೆ ತಿಳಿಸಿ. ಅವರು ತಹಸೀಲ್ದಾರರ ಕಚೇರಿಗೆ ಅಥವಾ ಪುರಾತತ್ವ ಇಲಾಖೆಗೆ ಬರೆಯುತ್ತಾರೆ.

ಮಾಡಿ ನೋಡಿ

1. ಒಣಗಿದ ಜೇಡಿಮಣ್ಣಿನ ಉಂಡೆ ಮತ್ತು ಮಡಕೆಯ ಚೂರು ಎರಡನ್ನೂ ಬೇರೆ ಬೇರೆ ಲೋಟದ ನೀರಿನಲ್ಲಿ ಹಾಕಿ. 10 ನಿಮಿಷಕ್ಕೊಮ್ಮೆ ನೋಡಿ ಬರೆದಿಡಿ.

2. ತೆಂಗಿನ ಕರಟದ ಒಳಭಾಗದಲ್ಲಿ ಸೀಮೆಸುಣ್ಣದಿಂದ ಒಂದು ಮುಖ ಬರೆಯಿರಿ. ಅದನ್ನು ಲೋಟದ ಮೇಲೆ ಕವುಚಿ ಇಡಿ. ಈಗ ಮುಖ ಯಾರಿಗೆ ಕಾಣುತ್ತದೆ?

3. ಒಂದು ಹಣತೆಯನ್ನು ಮೊದಲು ದೇವರ ಗೂಡಿನಲ್ಲಿ, ನಂತರ ಅಂಗಡಿಯ ರಾಶಿಯಲ್ಲಿ, ಕೊನೆಗೆ ತಿಪ್ಪೆಯಲ್ಲಿ ಇರುವಂತೆ ಚಿತ್ರ ಬರೆಯಿರಿ. ಪ್ರತಿ ಚಿತ್ರದ ಕೆಳಗೆ ‘ಕಂಡದ್ದು’, ‘ತೀರ್ಮಾನ’, ‘ಊಹೆ’ ಎಂದು ಮೂರು ಸಾಲು ಬರೆಯಿರಿ.

ಯೋಚಿಸಿ ಉತ್ತರಿಸಿ

1. ಬೋಗುಣಿಯನ್ನು ಮುಚ್ಚಳಕ್ಕೆಂದೇ ಮಾಡಿದ್ದರೋ, ಮೊದಲು ಮನೆಯಲ್ಲಿ ಬಳಸಿದ್ದರೋ? ಇದನ್ನು ತಿಳಿಯಲು ಅದರ ಮೇಲೆ ಯಾವ ಗುರುತುಗಳನ್ನು ಹುಡುಕುವಿರಿ?

2. ಮೇಲಿನ ನಾಲ್ಕು ವಾದಗಳಲ್ಲಿ ನಿಮಗೆ ಸರಿಯೆನಿಸಿದ್ದು ಯಾವುದು? ಅದನ್ನು ಬಲಪಡಿಸಲು ಇನ್ನೂ ಯಾವ ಪುರಾವೆ ಸಿಗಬೇಕು?

3. ಹಲಗೆಗಳ ನಡುವೆ ಹೂಳಿದ ಮಗುವಿಗೆ ಬೇರೆ ಪದ್ಧತಿ ಏಕಿದ್ದಿರಬಹುದು? ಎರಡು ಊಹೆ ಬರೆಯಿರಿ.

ಶಿಕ್ಷಕರಿಗೆ: ಈ ಪಾಠದಲ್ಲಿ ಸಾವಿನ ವಿಷಯ ಬರುತ್ತದೆ. ತರಗತಿಯಲ್ಲಿ ತಮ್ಮನನ್ನೋ ತಂಗಿಯನ್ನೋ ಕಳೆದುಕೊಂಡ ಮಗು ಇರಬಹುದು. ಆ ಮಗು ಮಾತನಾಡಿದರೆ ಕೇಳಿಸಿಕೊಳ್ಳಿ, ಸುಮ್ಮನಿದ್ದರೆ ಒತ್ತಾಯಿಸಬೇಡಿ. ಮಕ್ಕಳ ಮನೆಗಳ ಆಚರಣೆಗಳು ಬೇರೆ ಬೇರೆ ಇರುತ್ತವೆ. ಯಾವುದನ್ನೂ ಹಾಸ್ಯ ಮಾಡದಂತೆ ನೋಡಿಕೊಂಡು ಚರ್ಚೆ ನಡೆಸಿ.